ಬೆರಳ ತುದಿಗೆ ಅಕ್ಷರ ಕೊಟ್ಟ ಲೂಯಿ ಬ್ರೈಲ್

ಮಕ್ಕಳೇ, ಮೊದಲು ಒಂದು ಪುಟ್ಟ ಪ್ರಯೋಗ. ಮೊನೆ ಸವೆದ ಎರಡು ಪೆನ್ಸಿಲ್‌ಗಳನ್ನು ಒಂದೇ ಕೈಯಲ್ಲಿ ಓರೆಯಾಗಿ ಹಿಡಿಯಿರಿ. ಎರಡು ಮೊನೆಗಳ ನಡುವೆ ಅರ್ಧ ಸೆಂಟಿಮೀಟರ್ ಅಂತರವಿರಲಿ. ನಿಮ್ಮ ಗೆಳೆಯನಿಗೋ ಗೆಳತಿಗೋ ಕಣ್ಣು ಮುಚ್ಚಲು ಹೇಳಿ, ಎರಡೂ ಮೊನೆಗಳನ್ನು ಮುಂದೋಳಿನ ಮೇಲೆ ಮೆಲ್ಲಗೆ ಒಟ್ಟಿಗೇ ತಾಗಿಸಿ. ಎಷ್ಟು ಮೊನೆ ತಾಗಿತು ಎಂದು ಕೇಳಿ. ಸಾಮಾನ್ಯವಾಗಿ ಒಂದೇ ಎಂಬ ಉತ್ತರ ಬರುತ್ತದೆ! ಈಗ ಅದೇ ಮೊನೆಗಳನ್ನು ತೋರುಬೆರಳಿನ ತುದಿಗೆ ತಾಗಿಸಿ. ಎರಡು ಎಂದು ಥಟ್ಟನೆ ಹೇಳುತ್ತಾರೆ.

ಏಕೆ ಹೀಗೆ? ಸ್ಪರ್ಶವನ್ನು ಗ್ರಹಿಸುವ ನರಗಳ ತುದಿಗಳು ಮುಂದೋಳಿನಲ್ಲಿ ದೂರ ದೂರ ಇವೆ. ಬೆರಳ ತುದಿಯಲ್ಲಿ ಅವು ಒತ್ತೊತ್ತಾಗಿವೆ. ಎರಡು ಚುಕ್ಕೆಗಳ ನಡುವೆ ಬರೀ 2-3 ಮಿಲಿಮೀಟರ್ ಅಂತರವಿದ್ದರೂ ಬೆರಳು ಅವನ್ನು ಬೇರೆ ಬೇರೆ ಎಂದು ಗುರುತಿಸಬಲ್ಲದು. ಹೀಗೆ ಅಳತೆ ಮಾಡಿ ತೋರಿಸುವ ವಿಜ್ಞಾನ ಬೆಳೆಯುವ ಮೊದಲೇ, ತನ್ನ ಬೆರಳನ್ನೇ ಪ್ರಯೋಗಶಾಲೆ ಮಾಡಿಕೊಂಡು ಇದನ್ನು ಕಂಡುಕೊಂಡ ಒಬ್ಬ ಹುಡುಗನಿದ್ದ. ಆಗ ಅವನಿಗೆ ನಿಮಗಿಂತ ಎರಡು ಮೂರು ವರ್ಷ ಹೆಚ್ಚಿನ ವಯಸ್ಸು, ಅಷ್ಟೆ. ಅವನೇ ಲೂಯಿ ಬ್ರೈಲ್.

ಫ್ರಾನ್ಸ್ ದೇಶದ ರಾಜಧಾನಿ ಪ್ಯಾರಿಸ್‌ನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಕೂವ್ರೆ ಎಂಬ ಹಳ್ಳಿಯಿದೆ. ಲೂಯಿ ಹುಟ್ಟಿದ್ದು ಅಲ್ಲಿ, 1809ರ ಜನವರಿ 4ರಂದು. ಅಪ್ಪ ಸೀಮೋನ್ ರೆನೆ ಬ್ರೈಲ್ ಕುದುರೆಗಳ ಜೀನು, ಲಗಾಮುಗಳನ್ನು ಹೊಲಿಯುತ್ತಿದ್ದರು. ಮನೆಗೆ ಸೇರಿಕೊಂಡೇ ಅವರ ಕೆಲಸದ ಕೋಣೆ. ಅಲ್ಲಿ ಚರ್ಮ ಕತ್ತರಿಸುವ, ತೂತು ಹಾಕುವ ನಾನಾ ಬಗೆಯ ಹರಿತವಾದ ಉಪಕರಣಗಳು. ಮೂರು ವರ್ಷದ ಲೂಯಿಗೆ ಅಪ್ಪನಂತೆ ತಾನೂ ಕೆಲಸ ಮಾಡುವ ಆಸೆ. 1812ರಲ್ಲಿ ಒಂದು ದಿನ ಯಾರೂ ಇಲ್ಲದಾಗ ಒಂದು ಚೂಪಾದ ಉಪಕರಣವನ್ನು ಎತ್ತಿಕೊಂಡ. ಅದು ಜಾರಿ ಕಣ್ಣಿಗೆ ಬಡಿಯಿತು.

ಗಾಯಕ್ಕೆ ಕೀವು ತುಂಬಿತು. ರೋಗಾಣುಗಳನ್ನು ಕೊಲ್ಲುವ ಔಷಧಗಳು ಆಗ ಇರಲಿಲ್ಲ. ಕಾಯಿಲೆಗಳಿಗೆ ರೋಗಾಣುಗಳು ಕಾರಣ ಎಂಬುದೇ ವೈದ್ಯರಿಗೆ ತಿಳಿದಿರಲಿಲ್ಲ. ಒಂದು ಕಣ್ಣಿನ ತೊಂದರೆ ಇನ್ನೊಂದಕ್ಕೂ ಹಬ್ಬಿತು. ಐದು ವರ್ಷ ತುಂಬುವ ವೇಳೆಗೆ ಲೂಯಿಗೆ ಎರಡೂ ಕಣ್ಣು ಕಾಣದಂತಾಯಿತು.

ಆ ಕಾಲದಲ್ಲಿ ಕಣ್ಣು ಕಾಣದ ಬಡ ಮಕ್ಕಳಲ್ಲಿ ಅನೇಕರು ಭಿಕ್ಷೆ ಬೇಡಿ ಬದುಕಬೇಕಾಗಿತ್ತು. ಲೂಯಿಯ ಅಪ್ಪ ಅಮ್ಮ ಮಗನನ್ನು ಹಾಗೆ ಬಿಡಲಿಲ್ಲ. ಅಪ್ಪ ಅವನಿಗೆಂದೇ ಊರುಗೋಲು ಮಾಡಿಕೊಟ್ಟರು. ಮರದ ಹಲಗೆಯ ಮೇಲೆ ದುಂಡು ತಲೆಯ ಮೊಳೆಗಳನ್ನು ಅಕ್ಷರದ ಆಕಾರದಲ್ಲಿ ಹೊಡೆದು, ಅವುಗಳ ಮೇಲೆ ಮಗನ ಬೆರಳಾಡಿಸಿ ಅಕ್ಷರ ಕಲಿಸಿದರು. ಊರಿನ ಪಾದ್ರಿ ಪಲ್ವಿ ಅವರೂ ಶಾಲೆಯ ಮೇಷ್ಟ್ರೂ ಅವನನ್ನು ಎಲ್ಲ ಮಕ್ಕಳ ಜೊತೆಯಲ್ಲೇ ಕೂರಿಸಿಕೊಂಡು ಪಾಠ ಹೇಳಿದರು. ಇನ್ನೂರು ವರ್ಷಗಳ ಹಿಂದಿನ ಒಂದು ಹಳ್ಳಿಶಾಲೆ ಹಾಗೆ ಮಾಡಿತು ಎಂಬುದೇ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಕಿವಿಯಿಂದ ಕೇಳಿಸಿಕೊಂಡೇ ಲೂಯಿ ತರಗತಿಯಲ್ಲಿ ಮುಂದಿದ್ದ. ಆದರೆ ಓದುವ, ಬರೆಯುವ ಹೊತ್ತು ಬಂದಾಗ ಸುಮ್ಮನೆ ಕುಳಿತಿರಬೇಕಾಗುತ್ತಿತ್ತು.

1819ರ ಫೆಬ್ರವರಿಯಲ್ಲಿ, ಹತ್ತು ವರ್ಷದ ಲೂಯಿ ಪ್ಯಾರಿಸ್‌ನ ಅಂಧ ಮಕ್ಕಳ ಶಾಲೆಗೆ ಸೇರಿದ. ವ್ಯಾಲೆಂಟಿನ್ ಹೌಯಿ ಎಂಬುವರು 1785ರಲ್ಲಿ ಆರಂಭಿಸಿದ್ದ ಶಾಲೆ ಅದು. ಕಣ್ಣು ಕಾಣದವರೂ ಓದಬಲ್ಲರು ಎಂದು ತೋರಿಸಿಕೊಟ್ಟ ದೊಡ್ಡ ಮನಸ್ಸಿನವರು ಹೌಯಿ. ಶಾಲೆಯ ಕಟ್ಟಡ ಮಾತ್ರ ಹಳೆಯದು, ತೇವ ಹಿಡಿದದ್ದು.

ಅಲ್ಲಿ ಪುಸ್ತಕಗಳಿದ್ದವು! ನೆನೆಸಿದ ದಪ್ಪ ಕಾಗದವನ್ನು ದೊಡ್ಡ ಅಚ್ಚಿನ ಅಕ್ಷರಗಳ ಮೇಲೆ ಒತ್ತಿ ಉಬ್ಬಿಸಿದ ಪುಸ್ತಕಗಳು. ಫ್ರೆಂಚ್ ಭಾಷೆಯ ಮಾಮೂಲಿ ಅಕ್ಷರಗಳೇ, ಆದರೆ ಉಬ್ಬಾಗಿ, ದೊಡ್ಡದಾಗಿ ಇದ್ದವು. ಪ್ರತಿ ಅಕ್ಷರದ ಅಂಚಿನ ಗುಂಟ ಬೆರಳನ್ನು ಒಂದು ಸುತ್ತು ಓಡಿಸಬೇಕು. ಇದು ದುಂಡಗಿದೆಯೇ, ಬಾಲವಿದೆಯೇ, ಅಡ್ಡಗೆರೆ ಇದೆಯೇ ಎಂದು ಹುಡುಕಬೇಕು. ಒಂದು ವಾಕ್ಯದ ಕೊನೆ ಮುಟ್ಟುವ ವೇಳೆಗೆ ಅದರ ಆರಂಭ ಮರೆತುಹೋಗಿರುತ್ತಿತ್ತು. ಪುಸ್ತಕಗಳೋ ಎತ್ತಲಾರದಷ್ಟು ಭಾರ. ಶಾಲೆಯಲ್ಲಿ ಅವು ಇದ್ದದ್ದೂ ಕೆಲವೇ. ಇನ್ನೂ ದೊಡ್ಡ ಕೊರತೆ ಒಂದಿತ್ತು. ಈ ಬಗೆಯಲ್ಲಿ ಮಕ್ಕಳು ಓದಬಹುದಿತ್ತು, ಸ್ವತಃ ಬರೆಯುವಂತಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹೌಯಿ ಅವರ ಉದ್ದೇಶ ಒಳ್ಳೆಯದೇ. ಹಾಗಾದರೆ ತೊಡಕು ಎಲ್ಲಿತ್ತು? ಆ ಅಕ್ಷರಗಳು ಕಣ್ಣಿಗಾಗಿ ಹುಟ್ಟಿದವು. ಕಣ್ಣು ಇಡೀ ಅಕ್ಷರವನ್ನು ಒಂದೇ ನೋಟದಲ್ಲಿ ಹಿಡಿಯುತ್ತದೆ. ಬೆರಳು ಹಾಗಲ್ಲ, ಅದು ತುಣುಕು ತುಣುಕಾಗಿ ಹಿಡಿಯುತ್ತದೆ. ಕಣ್ಣಿನ ಅಕ್ಷರವನ್ನು ಬರೀ ಉಬ್ಬಿಸಿದ ಮಾತ್ರಕ್ಕೆ ಅದು ಬೆರಳಿನ ಅಕ್ಷರವಾಗಲಿಲ್ಲ.

1821ರಲ್ಲಿ ಶಾರ್ಲ್ ಬಾರ್ಬಿಯೆ ಎಂಬುವರು ಶಾಲೆಗೆ ಒಂದು ಹೊಸ ಲಿಪಿ ತಂದರು. ಅವರು ಹಿಂದೆ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. ರಾತ್ರಿ ಕತ್ತಲಲ್ಲಿ ಸೈನಿಕರು ಓದಲೆಂದು ಅವರು ಇದನ್ನು ಮಾಡಿದರು ಎಂಬ ಕಥೆಯನ್ನು ಅನೇಕ ಪುಸ್ತಕಗಳಲ್ಲಿ ನೀವು ಓದುತ್ತೀರಿ. ಆದರೆ ಬಾರ್ಬಿಯೆ ಬರೆದದ್ದನ್ನು ಇತ್ತೀಚೆಗೆ ಹುಡುಕಿ ಓದಿದ ಇತಿಹಾಸಕಾರರು ಬೇರೆಯೇ ಮಾತು ಹೇಳುತ್ತಾರೆ. ಶಾಲೆಗೆ ಹೋಗಲಾಗದ ಬಡವರು, ಕಣ್ಣು ಕಾಣದವರು ಸುಲಭವಾಗಿ ಬರೆಯುವುದನ್ನು ಕಲಿಯಲಿ ಎಂಬುದೇ ಅವರ ಆಸೆಯಾಗಿತ್ತು. ನನಗೇನೋ ಸೈನಿಕರ ಕಥೆಗಿಂತ ಇದೇ ಹೆಚ್ಚು ಇಷ್ಟ.

ಬಾರ್ಬಿಯೆ ಲಿಪಿಯಲ್ಲಿ ಗೆರೆಗಳಿರಲಿಲ್ಲ, ಉಬ್ಬು ಚುಕ್ಕೆಗಳಿದ್ದವು. ಒಂದೊಂದು ಧ್ವನಿಗೆ ಎರಡು ಕಂಬಸಾಲು, ಒಂದು ಸಾಲಿನಲ್ಲಿ ಆರರವರೆಗೆ ಚುಕ್ಕೆ, ಒಟ್ಟು ಹನ್ನೆರಡರ ತನಕ. ಬರೆಯಲು ಗೀರುಗಳಿದ್ದ ಹಲಗೆ, ಚುಚ್ಚಲು ಕಡ್ಡಿ. ಮೊದಲ ಬಾರಿಗೆ ಮಕ್ಕಳು ತಾವೇ ಬರೆದು ತಾವೇ ಓದಿಕೊಂಡರು. ಗೆರೆಗಿಂತ ಚುಕ್ಕೆ ಬೆರಳಿಗೆ ಬೇಗ ಸಿಗುತ್ತದೆ ಎಂಬುದು ಲೂಯಿಗೆ ಕೂಡಲೇ ಹೊಳೆಯಿತು. ಜೊತೆಗೆ ಅದರ ಕೊರತೆಗಳೂ ಹೊಳೆದವು. ಅದು ಧ್ವನಿಗಳ ಲಿಪಿಯಾದ್ದರಿಂದ ಫ್ರೆಂಚ್ ಪದಗಳ ಸರಿಯಾದ ಕಾಗುಣಿತ ಬರೆಯಲಾಗುತ್ತಿರಲಿಲ್ಲ. ಲೆಕ್ಕಕ್ಕೆ, ಸಂಗೀತಕ್ಕೆ ಬೇಕಾದ ಗುರುತುಗಳಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಕ್ಷರ ತೀರ ಉದ್ದ.

ಎಷ್ಟು ಉದ್ದ? ಲೆಕ್ಕ ಹಾಕಿ ನೋಡಿ. ಇಂದಿನ ಬ್ರೈಲ್ ಪುಸ್ತಕಗಳಲ್ಲಿ ಚುಕ್ಕೆಯಿಂದ ಚುಕ್ಕೆಗೆ ಸುಮಾರು 2.5 ಮಿಲಿಮೀಟರ್ ಅಂತರ. ಒಂದರ ಕೆಳಗೊಂದು ಆರು ಚುಕ್ಕೆ ಇಟ್ಟರೆ ನಡುವೆ ಐದು ಅಂತರಗಳು, ಅಂದರೆ 12.5 ಮಿಲಿಮೀಟರ್. ಬೆರಳ ತುದಿ ಒಮ್ಮೆಗೆ ಅಷ್ಟನ್ನು ಮುಟ್ಟಲಾರದು. ಮೇಲೆ ಕೆಳಗೆ ತಡವಬೇಕು. ಮೂರೇ ಚುಕ್ಕೆ ಇಟ್ಟರೆ? ಎರಡು ಅಂತರಗಳು, 5 ಮಿಲಿಮೀಟರ್. ಬೆರಳು ಒಂದೇ ಸ್ಪರ್ಶಕ್ಕೆ ಇಡೀ ಅಕ್ಷರವನ್ನು ಹಿಡಿಯುತ್ತದೆ. ಕಣ್ಣು ಒಂದೇ ನೋಟಕ್ಕೆ ಹಿಡಿಯುವಂತೆಯೇ!

ಪಾಠ ಮುಗಿದ ಮೇಲೆ, ರಜೆಯಲ್ಲಿ ಊರಿಗೆ ಹೋದಾಗ, ಲೂಯಿ ಕಾಗದ ಚುಚ್ಚುತ್ತಲೇ ಇದ್ದ. 1824ರ ವೇಳೆಗೆ, ಅಂದರೆ ಹದಿನೈದನೆಯ ವಯಸ್ಸಿಗೆ, ಅವನ ಲಿಪಿ ಬಹುಮಟ್ಟಿಗೆ ಸಿದ್ಧವಾಗಿತ್ತು. ಎರಡು ಕಂಬಸಾಲು, ಪ್ರತಿ ಸಾಲಿಗೆ ಮೂರು ಚುಕ್ಕೆ, ಒಟ್ಟು ಆರು ಸ್ಥಾನ. ಪ್ರತಿ ಸ್ಥಾನದಲ್ಲಿ ಚುಕ್ಕೆ ಇರಬಹುದು ಅಥವಾ ಇಲ್ಲದಿರಬಹುದು. ಹಾಗಾದರೆ ಎಷ್ಟು ಬಗೆ? 2ನ್ನು ಆರು ಬಾರಿ ಗುಣಿಸಿ: 64. ಒಂದೂ ಚುಕ್ಕೆಯಿಲ್ಲದ ಖಾಲಿ ಮನೆಯನ್ನು ಬಿಟ್ಟರೆ 63. ಅಕ್ಷರ, ಅಂಕಿ, ವಿರಾಮಚಿಹ್ನೆ, ಸಂಗೀತದ ಸ್ವರ ಎಲ್ಲಕ್ಕೂ ಇದು ಸಾಕಾಯಿತು. ಜೋಡಣೆಯಲ್ಲೂ ಜಾಣತನವಿದೆ. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಚುಕ್ಕೆಗಳು ಮಾತ್ರ. ಅವಕ್ಕೇ ಕೆಳಗಿನ ಎಡ ಚುಕ್ಕೆ ಸೇರಿಸಿದರೆ ಮುಂದಿನ ಹತ್ತು. ಕೆಳಗಿನ ಎರಡೂ ಚುಕ್ಕೆ ಸೇರಿಸಿದರೆ ಆಮೇಲಿನವು. ಹತ್ತು ಕಲಿತರೆ ಉಳಿದವು ತಾವಾಗಿ ಬರುತ್ತವೆ.

1829ರಲ್ಲಿ ಲೂಯಿ ತನ್ನ ಲಿಪಿಯನ್ನು ವಿವರಿಸುವ ಪುಸ್ತಕ ಪ್ರಕಟಿಸಿದ. ತಮಾಷೆಯೆಂದರೆ, ಹೊಸ ಲಿಪಿಯ ಆ ಪುಸ್ತಕವನ್ನು ಅಚ್ಚು ಮಾಡಿದ್ದು ಹಳೆಯ ಉಬ್ಬು ಅಕ್ಷರಗಳಲ್ಲಿ! ಬಾರ್ಬಿಯೆ ಅವರಿಂದ ತಾನು ಕಲಿತದ್ದನ್ನು ಅದರಲ್ಲಿ ಅವನು ಮುಚ್ಚಿಡದೆ ನೆನೆದಿದ್ದಾನೆ. ಆ ಮೊದಲ ರೂಪದಲ್ಲಿ ಚುಕ್ಕೆಗಳ ಜೊತೆ ಪುಟ್ಟ ಗೆರೆಗಳೂ ಇದ್ದವು. ಬಳಸಿ ನೋಡಿದಾಗ ಗೆರೆಗಳು ತೊಡಕೆನಿಸಿದವು. 1837ರ ಎರಡನೆಯ ಆವೃತ್ತಿಯಲ್ಲಿ ಗೆರೆಗಳನ್ನು ಕೈಬಿಟ್ಟು, ಬರೀ ಚುಕ್ಕೆಗಳನ್ನು ಉಳಿಸಲಾಯಿತು.

ಅಷ್ಟು ಹೊತ್ತಿಗೆ ಲೂಯಿ ಅದೇ ಶಾಲೆಯಲ್ಲಿ ಶಿಕ್ಷಕರಾಗಿದ್ದರು. ಪ್ಯಾರಿಸ್‌ನ ಚರ್ಚಿನಲ್ಲಿ ಆರ್ಗನ್ ವಾದ್ಯ ನುಡಿಸುತ್ತಿದ್ದರು. ಮಕ್ಕಳಿಗೆ ಅವರ ಲಿಪಿ ಅಚ್ಚುಮೆಚ್ಚು. ಆದರೆ ದೊಡ್ಡವರಿಗೆ? ಕಣ್ಣು ಕಾಣುವ ಹಲವರು ಅದನ್ನು ಒಪ್ಪಲಿಲ್ಲ. ಅಂಧರಿಗೆ ಬೇರೆಯೇ ಲಿಪಿ ಕೊಟ್ಟರೆ ಅವರು ಉಳಿದವರಿಂದ ದೂರವಾಗುತ್ತಾರೆ, ಅವರು ಬರೆದದ್ದು ನಮಗೆ ಓದಲಾಗದು ಎಂಬುದು ಅವರ ವಾದ. 1840ರಲ್ಲಿ ಡ್ಯೂಫೋ ಎಂಬುವರು ಶಾಲೆಯ ಮುಖ್ಯಸ್ಥರಾದಾಗ ಚುಕ್ಕೆ ಲಿಪಿಯನ್ನು ಬದಿಗೆ ಸರಿಸಿ, ಬೇರೊಂದು ಬಗೆಯ ಉಬ್ಬು ಅಕ್ಷರಗಳನ್ನೇ ತಂದರು. ಮಕ್ಕಳು ಮಾತ್ರ ತಮ್ಮ ತಮ್ಮಲ್ಲೇ ಗುಟ್ಟಾಗಿ ಚುಕ್ಕೆಗಳಲ್ಲಿ ಬರೆದುಕೊಳ್ಳುತ್ತಿದ್ದರು.

ದೊಡ್ಡವರ ಆ ವಾದ ಪೂರ್ತಿ ಹುರುಳಿಲ್ಲದ್ದೇನೂ ಅಲ್ಲ. ಶಾಲೆಯ ಮಗು ಚುಕ್ಕೆಗಳಲ್ಲಿ ಕಾಗದ ಬರೆದರೆ ಹಳ್ಳಿಯಲ್ಲಿರುವ ಅಮ್ಮ ಅದನ್ನು ಓದುವುದು ಹೇಗೆ? ಇದನ್ನು ಬ್ರೈಲ್ ಕೂಡ ಯೋಚಿಸಿದ್ದರು. 1839ರಲ್ಲಿ ಅವರು ಇನ್ನೊಂದು ವಿಧಾನ ಪ್ರಕಟಿಸಿದರು. ಮಾಮೂಲಿ ಅಕ್ಷರದ ಆಕಾರವನ್ನೇ ಹತ್ತು ಸ್ಥಾನ ಎತ್ತರದ ಚೌಕಟ್ಟಿನಲ್ಲಿ ಚುಕ್ಕೆ ಚುಕ್ಕೆಯಾಗಿ ಚುಚ್ಚುವುದು. ರಂಗೋಲಿಯಂತೆ! ಯಾವ ಅಕ್ಷರಕ್ಕೆ ಎಲ್ಲೆಲ್ಲಿ ಚುಚ್ಚಬೇಕು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡರೆ ಅಂಧರು ಬರೆಯಬಹುದು, ಕಣ್ಣಿದ್ದವರು ಓದಬಹುದು. ಆದರೆ ಒಂದೊಂದು ಅಕ್ಷರಕ್ಕೂ ಬಹಳ ಸಲ ಚುಚ್ಚಬೇಕು. ಅದೇ ಶಾಲೆಯಲ್ಲಿ ಓದಿದ್ದ, ತಾವೂ ಅಂಧರಾಗಿದ್ದ ಪಿಯೆರ್ ಫೂಕೋ ಇದಕ್ಕೆಂದೇ 1841ರಲ್ಲಿ ಒಂದು ಯಂತ್ರ ಮಾಡಿದರು. ಟೈಪ್‌ರೈಟರ್‌ಗಳು ಅಂಗಡಿಗೆ ಬರಲು ಇನ್ನೂ ಮೂವತ್ತು ವರ್ಷಗಳಿದ್ದವು.

1844ರ ಫೆಬ್ರವರಿ 22ರಂದು ಶಾಲೆಯ ಹೊಸ ಕಟ್ಟಡದ ಉದ್ಘಾಟನೆ. ಉಪಮುಖ್ಯಸ್ಥ ಜೋಸೆಫ್ ಗ್ವಾಡೆ ಚುಕ್ಕೆ ಲಿಪಿಯ ಪರವಾಗಿ ನಿಂತು ನೆರೆದವರ ಮುಂದೆ ಅದನ್ನು ಬಣ್ಣಿಸಿದರು. ಮಕ್ಕಳು ಅದರಲ್ಲಿ ಬರೆದೂ ಓದಿಯೂ ತೋರಿಸಿದರು. ಅಲ್ಲಿಂದ ಮುಂದೆ ಆ ಲಿಪಿ ಶಾಲೆಗೆ ಮರಳಿತು.

ಬ್ರೈಲ್ ಅವರಿಗೆ ಇಪ್ಪತ್ತಾರರ ಸುಮಾರಿಗೇ ಕ್ಷಯರೋಗ ಕಾಣಿಸಿಕೊಂಡಿತ್ತು. ಪಾಠ ಹೇಳಲು ಉಸಿರು ಸಾಲದಾಯಿತು. 1852ರ ಜನವರಿ 6ರಂದು, ನಲವತ್ತಮೂರು ತುಂಬಿ ಎರಡು ದಿನಕ್ಕೆ, ಅವರು ತೀರಿಕೊಂಡರು. ಫ್ರಾನ್ಸ್‌ನಲ್ಲಿ ಅವರ ಲಿಪಿಗೆ ಅಧಿಕೃತ ಮನ್ನಣೆ ಸಿಕ್ಕಿದ್ದು 1854ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ನೂರು ವರ್ಷಗಳ ನಂತರ, 1952ರಲ್ಲಿ, ಫ್ರಾನ್ಸ್ ತನ್ನ ಮಹನೀಯರನ್ನು ಇರಿಸುವ ಪ್ಯಾಂಥಿಯನ್ ಎಂಬ ಭವನಕ್ಕೆ ಅವರ ದೇಹದ ಅವಶೇಷಗಳನ್ನು ತಂದಿತು. ಕೈಗಳನ್ನು ಮಾತ್ರ ಕೂವ್ರೆ ಹಳ್ಳಿಯವರು ತಮ್ಮಲ್ಲೇ ಉಳಿಸಿಕೊಂಡರು.

ನಮ್ಮ ದೇಶದಲ್ಲಿ ಬಹುಕಾಲ ಬೇರೆ ಬೇರೆ ಭಾಷೆಗಳಿಗೆ ಬೇರೆ ಬೇರೆ ಚುಕ್ಕೆ ಲಿಪಿಗಳಿದ್ದವು. 1951ರಲ್ಲಿ ಎಲ್ಲಕ್ಕೂ ಸೇರಿ ಭಾರತಿ ಬ್ರೈಲ್ ಎಂಬ ಒಂದೇ ಕ್ರಮ ಬಂತು. ಅದರಲ್ಲಿ ಧ್ವನಿಗೆ ಬೆಲೆ. ಕನ್ನಡದ ಕ, ಹಿಂದಿಯ ಕ, ಇಂಗ್ಲಿಷಿನ ಕೆ ಮೂರಕ್ಕೂ ಚುಕ್ಕೆಗಳು ಒಂದೇ. ಕಣ್ಣಿನಿಂದ ಓದುವ ನೀವು ಮೂರು ಬಗೆಯ ಅಕ್ಷರ ಕಲಿಯಬೇಕು, ಬೆರಳಿನಿಂದ ಓದುವ ಮಗುವಿಗೆ ಒಂದೇ ಸಾಕು! 2009ರಲ್ಲಿ ಬ್ರೈಲ್ ಅವರ ಇನ್ನೂರನೆಯ ವರ್ಷದ ನೆನಪಿಗೆ ಭಾರತ ಸರ್ಕಾರ ಎರಡು ರೂಪಾಯಿಯ ನಾಣ್ಯವನ್ನೂ ತಂದಿತು. ನಿಮ್ಮ ಮನೆಯ ಚಿಲ್ಲರೆಯಲ್ಲಿ ಹುಡುಕಿ ನೋಡಿ.

ಮಗುವಿನ ಕಾಗದವನ್ನು ಅಮ್ಮ ಓದುವುದು ಹೇಗೆ ಎಂಬ ಆ ಹಳೆಯ ಪ್ರಶ್ನೆಗೆ ಇಂದು ಕಂಪ್ಯೂಟರ್ ಉತ್ತರ ಕೊಟ್ಟಿದೆ. ಕಂಪ್ಯೂಟರಿನ ಒಳಗೆ ಅಕ್ಷರಗಳಿರುವುದಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಪರದೆಯ ಮೇಲೆ ಆಕಾರವಾಗಿ ತೋರಿಸಬಹುದು. ಪರದೆಯನ್ನು ಓದಿ ಹೇಳುವ ತಂತ್ರಾಂಶದಿಂದ ದನಿಯಾಗಿ ಕೇಳಿಸಬಹುದು. ಬ್ರೈಲ್ ಪಟ್ಟಿ ಎಂಬ ಸಾಧನವನ್ನು ಜೋಡಿಸಿದರೆ ಚುಕ್ಕೆಗಳಾಗಿಯೂ ಎಬ್ಬಿಸಬಹುದು. ಆ ಪಟ್ಟಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಕಡ್ಡಿಗಳಿವೆ. ವಿದ್ಯುತ್ ಹಾಯಿಸಿದಾಗ ಬಾಗುವ ಒಂದು ವಿಶೇಷ ವಸ್ತು ಅವನ್ನು ಮೇಲೆ ತಳ್ಳುತ್ತದೆ. ಬೆರಳು ಒಂದು ಸಾಲು ಓದಿದ ಮೇಲೆ ಕಡ್ಡಿಗಳು ಇಳಿದು ಮುಂದಿನ ಸಾಲು ಏಳುತ್ತದೆ. ಎನ್‌ವಿಡಿಎ ಎಂಬ ಓದುವ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. 2006ರಲ್ಲಿ ಅದನ್ನು ಬರೆಯಲು ತೊಡಗಿದ ಆಸ್ಟ್ರೇಲಿಯದ ಮೈಕೇಲ್ ಕರನ್ ಸ್ವತಃ ಅಂಧರು. ನೋಡಿ, ಇಲ್ಲೂ ಬಳಸುವವರೇ ಮಾಡಿದವರು!

ಆದರೆ ಜಾಲತಾಣ ಕಟ್ಟುವವರು ಕಣ್ಣಿನವರನ್ನು ಮಾತ್ರ ನೆನೆದರೆ ಎಲ್ಲವೂ ಕೆಡುತ್ತದೆ. ಒಂದು ಪ್ರಕಟಣೆಯನ್ನು ಫೋಟೋ ಮಾಡಿ ಹಾಕಿದರೆ ನಮಗೆ ಅದರಲ್ಲಿ ಅಕ್ಷರ ಕಾಣುತ್ತದೆ, ಓದುವ ತಂತ್ರಾಂಶಕ್ಕೆ ಅದು ಬರೀ ಚಿತ್ರ. ಚಿತ್ರದ ಜೊತೆ ನಾಲ್ಕು ಮಾತಿನ ವಿವರಣೆ ಬರೆದಿಟ್ಟರೆ ಅದನ್ನು ಓದಿ ಹೇಳುತ್ತದೆ. ಬರೆಯದಿದ್ದರೆ ಚಿತ್ರ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಕನ್ನಡಕ್ಕೆ ಇನ್ನೊಂದು ತೊಡಕೂ ಇದೆ. ಹಳೆಯ ಬಗೆಯ ಕೆಲವು ಕನ್ನಡ ಫಾಂಟ್‌ಗಳು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯನ್ನೇ ಇಟ್ಟುಕೊಂಡು, ಮೇಲೆ ಕನ್ನಡದ ಆಕಾರ ತೋರಿಸುತ್ತವೆ. ಕಣ್ಣಿಗೆ ಅಚ್ಚ ಕನ್ನಡ, ತಂತ್ರಾಂಶದ ಬಾಯಲ್ಲಿ ಅರ್ಥವಿಲ್ಲದ ಗೊಣಗು! ಯುನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ ಅದರದೇ ಸಂಖ್ಯೆಗಳಿವೆ. ಆ ಪ್ರಕಾರ ಬರೆದರೆ ಈ ತೊಂದರೆ ಇಲ್ಲ.

ಮೌಸ್ ಹಿಡಿಯಲಾಗದವರಿಗೆ ಎಲ್ಲ ಕೆಲಸವೂ ಕೀಲಿಮಣೆಯಿಂದ ಆಗಬೇಕು. ಮಂದ ದೃಷ್ಟಿಯವರಿಗೆ ಅಕ್ಷರದ ಬಣ್ಣ ಹಿನ್ನೆಲೆಯಿಂದ ಎದ್ದು ಕಾಣಬೇಕು. ಓದಿದ್ದನ್ನು ಅರ್ಥಮಾಡಿಕೊಳ್ಳಲು, ನೆನಪಿಡಲು ಕಷ್ಟಪಡುವವರೂ ನಮ್ಮ ನಡುವೆ ಇದ್ದಾರೆ. ಅವರಿಗೆ ಚಿಕ್ಕ ವಾಕ್ಯ, ಸ್ಪಷ್ಟ ತಲೆಬರಹ ಬೇಕು. ಒಂದು ಪುಟದಲ್ಲಿ ಮೇಲಿದ್ದ ಗುಂಡಿ ಮುಂದಿನ ಪುಟದಲ್ಲಿ ಕೆಳಗೆ ಓಡಿಹೋಗಬಾರದು. ಭರ್ತಿ ಮಾಡಲು ಸಾಕಷ್ಟು ಸಮಯ ಬೇಕು. ಪರದೆ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿನುಗಿದರೆ ಕೆಲವರಿಗೆ ಮೂರ್ಛೆ ಬರುವ ಅಪಾಯವೂ ಉಂಟು. ಇಂಥ ಸೂಚನೆಗಳನ್ನು ಜಾಲತಾಣಗಳ ನಿಯಮ ರೂಪಿಸುವ ಅಂತರರಾಷ್ಟ್ರೀಯ ಒಕ್ಕೂಟ ಮೊದಲು ಪ್ರಕಟಿಸಿದ್ದು 1999ರಲ್ಲಿ. ಆಮೇಲೆ ಹಲವು ಸಲ ತಿದ್ದಿ ಬೆಳೆಸಿದೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇದನ್ನು ಹಕ್ಕೆಂದೇ ಹೇಳುತ್ತದೆ. ಹಾಗಿದ್ದೂ ಅನೇಕ ತಾಣಗಳು ಇನ್ನೂ ಹೌಯಿ ಅವರ ಪುಸ್ತಕಗಳಂತೆಯೇ ಇವೆ.

ಚಿತ್ರಕ್ಕೆ ವಿವರಣೆ ಬರೆಯುವುದು ಸುಲಭವೆಂದುಕೊಂಡಿರಾ? ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಗಿಡದ ಭಾಗಗಳ ಚಿತ್ರವಿದೆಯಲ್ಲ, ಅದನ್ನು ತೋರಿಸದೆ, ಮಾತಿನಲ್ಲೇ ಗೆಳತಿಗೆ ಹೇಳಿ ಬರೆಯಿಸಿ. ಅವಳ ಗಿಡಕ್ಕೆ ಬೇರು ಎಲ್ಲಿ ಬಂತು ನೋಡಿ!

ಮಾಡಿ ನೋಡಿ

ದಪ್ಪ ಕಾಗದ, ಅದರಡಿಗೆ ಮಡಿಸಿದ ಬಟ್ಟೆ, ಶಾಯಿ ಮುಗಿದ ಬಾಲ್‌ಪೆನ್ ತೆಗೆದುಕೊಳ್ಳಿ. ಸೂಜಿ, ದಬ್ಬಣ ಬೇಡ. ಬ್ರೈಲ್ ಮನೆಯಲ್ಲಿ ಎಡಸಾಲಿನ ಚುಕ್ಕೆಗಳು ಮೇಲಿನಿಂದ ಕೆಳಕ್ಕೆ 1, 2, 3. ಬಲಸಾಲಿನವು 4, 5, 6. ಕ ಎಂದರೆ 1 ಮತ್ತು 3. ಮ ಎಂದರೆ 1, 3, 4. ಲ ಎಂದರೆ 1, 2, 3. ಈ ಮೂರನ್ನು ಒತ್ತಿದರೆ ಕಮಲ. ಆದರೆ ನೆನಪಿಡಿ, ಉಬ್ಬು ಮೂಡುವುದು ಕಾಗದದ ಆಚೆ ಬದಿಯಲ್ಲಿ. ಹಾಗಾಗಿ ಒತ್ತುವಾಗ ಬಲದಿಂದ ಎಡಕ್ಕೆ ಸಾಗಬೇಕು, ಮನೆಯ ಎಡ ಬಲಗಳನ್ನೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲು ಮಾಡಬೇಕು. ಮುಗಿದ ಮೇಲೆ ಹಾಳೆ ತಿರುವಿ, ಕಣ್ಣು ಮುಚ್ಚಿ, ಎಡದಿಂದ ಬಲಕ್ಕೆ ಬೆರಳಾಡಿಸಿ.

ಬ್ರೈಲ್‌ನಲ್ಲಿ ಕಾಗುಣಿತದ ಗುರುತು ಅಕ್ಷರಕ್ಕೆ ಅಂಟಿಕೊಳ್ಳುವುದಿಲ್ಲ. ಸ್ವರ ಪಕ್ಕದ ಮನೆಯಲ್ಲಿ ಬೇರೆಯಾಗಿ ಕೂರುತ್ತದೆ. ಆ ಎಂಬುದಕ್ಕೆ ಚುಕ್ಕೆಗಳು 3, 4, 5. ಹಾಗಾದರೆ ಕಾಲ ಎಂದು ಬರೆಯಲು ಎಷ್ಟು ಮನೆ ಬೇಕು? ಒತ್ತಿ ನೋಡಿ, ಪಕ್ಕದವರ ಬೆರಳಿಗೆ ಕೊಡಿ.